ಯು ಪಿನ್ನಿಗೆ ಬಾಯಿಬಿಟ್ಟ ಹಳೇ ಸಿಟಿ

ನಮಸ್ಕಾರ. ಈಗ ಕಾಣುತ್ತಿರುವುದು ನನ್ನ ಕೈ. ಮೊಣಕೈವರೆಗೂ ಗ್ಲೋವ್ ಬಾಕ್ಸ್ ಹಿಂದೆ ಹೋಗಿದೆ. ಕ್ಯಾಮೆರಾ ಅಲ್ಲಾಡುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ಹಿಡಿದಿರುವುದು ನನ್ನ ಮಗಳು, ಏಳನೇ ಕ್ಲಾಸು, ಭಾನುವಾರ ಬೆಳಿಗ್ಗೆ ಎಬ್ಬಿಸಿ ಕಾತ್ರಜ್‌ವರೆಗೆ ಕರೆತಂದಿದ್ದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದಾಳೆ. ನಾನು ಹುಡುಕುತ್ತಿರುವುದು ಒಂದು ಸಣ್ಣ ಕಪ್ಲರ್, ಅಂದರೆ ವೈರಿನ ತುದಿಯ ಪ್ಲಾಸ್ಟಿಕ್ ಜೋಡಣೆ. ಎರಡೇ ಪಿನ್. ಯಾವುದಕ್ಕೂ ಸಿಕ್ಕಿಸಿಲ್ಲ, ಸುಮ್ನೆ ಜೋತುಬಿದ್ದಿದೆ. ಇಷ್ಟು ವರ್ಷ ಅಲ್ಲೇ ಇತ್ತು, ನನಗೆ ಗೊತ್ತೇ ಇರಲಿಲ್ಲ.

ಕಾರು 2002ರ ಹೋಂಡಾ ಸಿಟಿ, 1.5 ಪೆಟ್ರೋಲ್. ಧಾರವಾಡದಲ್ಲಿ ಅಪ್ಪ ಓಡಿಸುತ್ತಿದ್ದ ಗಾಡಿ. ಅವರಿಗೆ ಕಣ್ಣು ಮಂಜಾದ ಮೇಲೆ ಪುಣೆಗೆ ತಂದೆ. ಕೆಎ 25 ಇದ್ದ ನಂಬರ್ ಪ್ಲೇಟು ಎಂಎಚ್ 12 ಆಗೋವರೆಗೆ ನಾನು ಆರ್‌ಟಿಒ ಸುತ್ತಿದ ಕಥೆ ಇನ್ನೊಂದು ವಿಡಿಯೋಗೆ ಆಗುವಷ್ಟಿದೆ, ಅದು ಈಗ ಬೇಡ.

ದೀಪಾವಳಿ ಮುಗಿಸಿ ಊರಿಂದ ವಾಪಸ್ ಬರುವಾಗ, ಖಂಬಾಟಕಿ ಘಾಟಿನ ಹತ್ತಿರ, ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿತು. ಸ್ವಲ್ಪ ಹೊತ್ತಿಗೆ ಆರಿತು. ಮತ್ತೆ ಹತ್ತಿತು. ಗಾಡಿ ಓಡುತ್ತಿತ್ತು, ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಆಮೇಲೆ ಲೀಟರಿಗೆ 13 ಕೊಡುತ್ತಿದ್ದ ಗಾಡಿ 9ಕ್ಕೆ ಇಳಿಯಿತು. ಬಿಸಿ ಇದ್ದಾಗ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಕೆಮ್ಮುತ್ತಿತ್ತು. ಹಿಂದೆ ನಿಂತರೆ ಪೆಟ್ರೋಲ್ ವಾಸನೆ.

ನಮ್ಮ ಮನೆ ಹತ್ತಿರದ ಒಂದು ಗ್ಯಾರೇಜಿಗೆ ಬಿಟ್ಟೆ. ಅಲ್ಲಿ ಟ್ಯಾಬ್ಲೆಟ್ ಥರದ ದೊಡ್ಡ ಸ್ಕ್ಯಾನರ್ ಇದೆ, ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತದೆ. ಹುಡುಗ ಸ್ಟೇರಿಂಗ್ ಕೆಳಗೆ ಟಾರ್ಚ್ ಹಿಡಿದು ಹತ್ತು ನಿಮಿಷ ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಸಾಕೆಟ್ ಹುಡುಕಿದ. ಇದ್ದರೆ ತಾನೇ ಸಿಗೋದು! ಕೊನೆಗೆ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಹಳೇ ಹೋಂಡಾಗೆ ಇದೇ ಹೋಗೋದು ಅಂತ ಟೆಂಪರೇಚರ್ ಸೆನ್ಸರ್ ಒಂದನ್ನೂ ಹಾಕಿದರು. ಲೈಟ್ ಹೋಗಲಿಲ್ಲ. ಆಗ ಹೇಳಿದ ಮಾತು: ಇಸಿಯು ಹೋಗಿದೆ ಸರ್, ಅದಕ್ಕೇ ಸ್ಕ್ಯಾನರ್‌ಗೆ ಸಿಗ್ತಿಲ್ಲ, ಸೆಕೆಂಡ್ ಹ್ಯಾಂಡ್ ಎಂಟು ಸಾವಿರಕ್ಕೆ ತರಿಸೋಣ. ಇಸಿಯು ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್. ಅದು ಸತ್ತಿದ್ದರೆ ನಾನು ಗಾಡಿ ಓಡಿಸಿಕೊಂಡು ಅಲ್ಲಿಗೆ ಹೋಗಿದ್ದಾದರೂ ಹೇಗೆ? ಆಗ ನನಗೂ ಹೊಳೆಯಲಿಲ್ಲ, ಬಿಡಿ.

ನಾನು ಮಾಡಿದ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಕಾರಿನ ಕೋಡ್, ಅಂದರೆ ದೋಷ ಹೇಳುವ ನಂಬರನ್ನು, ಫೋನಿನಲ್ಲಿ ತೋರಿಸುವ ಆ ನೀಲಿ ಬಣ್ಣದ ಸಣ್ಣ ಬ್ಲೂಟೂತ್ ಡಬ್ಬಿ ಇತ್ತು, ಎಲ್ಲರ ಹತ್ತಿರ ಇರುತ್ತಲ್ಲ, ಇಎಲ್‌ಎಂ 327 ಅಂತ. ಗ್ಲೋವ್ ಬಾಕ್ಸ್ ಕಡೆ 3 ಪಿನ್ನಿನ ಕಪ್ಲರ್ ಇರುತ್ತದೆ ಅಂತ ಎಲ್ಲೋ ಓದಿ, 3 ಪಿನ್ನಿಂದ 16 ಪಿನ್ನಿಗೆ ಹೋಗುವ ಹೋಂಡಾ ಕೇಬಲ್ಲನ್ನು ಆನ್‌ಲೈನ್‌ನಲ್ಲಿ 450 ರೂಪಾಯಿಗೆ ತರಿಸಿದೆ. ಅದರಲ್ಲಿ ಬ್ಯಾಟರಿಗೆ ಹಚ್ಚೋಕೆ ಕೆಂಪು, ಕಪ್ಪು ಎರಡು ಕ್ಲಿಪ್. ಹಚ್ಚಿದೆ. ನೀಲಿ ಡಬ್ಬಿಯಲ್ಲಿ ಲೈಟ್ ಬಂತು! ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಫೋನಿನಲ್ಲಿ ಮಾತ್ರ 'ಕನೆಕ್ಟಿಂಗ್' ಅಂತ ಸುತ್ತುತ್ತಲೇ ಇತ್ತು, ಸುತ್ತುತ್ತಲೇ ಇತ್ತು, ಅವಳು ಒಳಗೆ ಹೋಗಿ ಚಪಾತಿ ಲಟ್ಟಿಸೋಕೆ ಕೂತಳು.

ಆ ಲೈಟಿಗೆ ಅರ್ಥ ಇಷ್ಟೇ: ಡಬ್ಬಿಗೆ ಕರೆಂಟ್ ಸಿಕ್ಕಿದೆ. 16 ಪಿನ್ನಿನ ಸಾಕೆಟ್ಟಿನಲ್ಲಿ 16ನೇ ಪಿನ್ ಬ್ಯಾಟರಿಯ ಪ್ಲಸ್, 4 ಮತ್ತು 5 ಅರ್ತ್, ಅಂದರೆ ಮೈನಸ್. ಅಷ್ಟು ಸಿಕ್ಕರೆ ಡಬ್ಬಿ ಎಚ್ಚರಾಗುತ್ತದೆ. ಮಾತಾಡೋದು ಬೇರೆ ಪಿನ್ನುಗಳಲ್ಲಿ, 7ನೆಯದರಲ್ಲಿ ಕೆ ಲೈನ್, 6 ಮತ್ತು 14ರಲ್ಲಿ ಕ್ಯಾನ್, ಎರಡೂ ಮಾಹಿತಿ ಸಾಗಿಸುವ ದಾರಿಗಳು. ತಂತಿ ಮುಟ್ಟಿದರೂ ಎರಡೂ ಕಡೆ ಒಂದೇ ಭಾಷೆ ಇರಬೇಕಲ್ವಾ? ನನ್ನ ಡಬ್ಬಿಗೆ ಗೊತ್ತಿರುವುದು ಒಬಿಡಿ 2ರ ಭಾಷೆಗಳು. ಒಬಿಡಿ ಅಂದರೆ ಕಾರು ತನ್ನ ದೋಷವನ್ನು ತಾನೇ ಹೇಳುವ ಪದ್ಧತಿ, 2 ಅಂದರೆ ಎಲ್ಲಾ ಕಂಪನಿಗೂ ಒಂದೇ ಆಗಿರುವುದು. ಈ ಸಿಟಿಯ ಕಂಪ್ಯೂಟರ್ ಆಡುವುದು ಹೋಂಡಾದ ಮನೆಮಾತು. ಕೇಬಲ್ ಪಿನ್ನಿನ ಆಕಾರ ಬದಲಿಸಿತು, ಭಾಷೆ ಬದಲಿಸಲಿಲ್ಲ. ಮರಾಠಿ ಮಾತ್ರ ಬರುವ ಸೊಲ್ಲಾಪುರದ ಮನೆ ಓನರ್ ಜೊತೆ ನಮ್ಮತ್ತೆ ಅಚ್ಚ ಮೈಸೂರು ಕನ್ನಡದಲ್ಲಿ ಬಾಡಿಗೆ ಚೌಕಾಶಿ ಮಾಡಿದ ಹಾಗೆ, ಇಬ್ಬರೂ ಬಾಯಿ ಆಡಿಸುತ್ತಿದ್ದರು ಅಷ್ಟೇ.

ಅಂದಹಾಗೆ, ಇಎಲ್‌ಎಂ 327 ಅನ್ನೋದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್. ಅವರು 1.5 ಅನ್ನೋ ಆವೃತ್ತಿಯನ್ನು ಬಿಟ್ಟೇ ಇಲ್ಲ. ನನ್ನ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 'ವಿ 1.5' ಅಂತಲೇ ಇದೆ. ಅಂದರೆ ನಕಲಿ. ಕಂಪನಿಯೂ 2022ರಲ್ಲಿ ಬಾಗಿಲು ಹಾಕಿತು.

ಹಳೇ ಜಪಾನಿ ಕಾರುಗಳಲ್ಲಿ ಈ ಗೋಜಲು ಯಾಕೆ ಅಂದರೆ, ಎಲ್ಲರಿಗೂ ಒಂದೇ ಸಾಕೆಟ್, ಒಂದೇ ಥರದ ಕೋಡ್ ಇರಬೇಕು ಅಂತ ಅಮೆರಿಕ ಕಡ್ಡಾಯ ಮಾಡಿದ್ದು 1996ರ ಮಾಡೆಲ್‌ನಿಂದ. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001. ನಮ್ಮಲ್ಲಿ ಬಿಎಸ್ 4 ಅನ್ನೋ ಹೊಗೆ ನಿಯಮದ ಜೊತೆ ಒಬಿಡಿ 1 ಬಂದದ್ದು 2010ರಲ್ಲಿ, ಒಬಿಡಿ 2 ಬಂದದ್ದು 2013ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಮಾರಿದ ಗಾಡಿಗೆ ಕಂಪನಿ ಯಾವ ಸಾಕೆಟ್ ಇಟ್ಟರೂ ಕೇಳೋರಿರಲಿಲ್ಲ. 2002ರ ನನ್ನ ಸಿಟಿ ತಪ್ಪೇನೂ ಮಾಡಿಲ್ಲ ಪಾಪ.

ಇನ್ನು ಕಾಕಾ, ಕೊನೆಗೆ ನಾನು ಗಾಡಿ ತೋರಿಸಿದ ಮೆಕ್ಯಾನಿಕ್. ವಿಜಯಪುರ ಜಿಲ್ಲೆ ಇಂಡಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. ಕಾತ್ರಜ್ ಹತ್ತಿರ ತಗಡಿನ ಶೆಡ್ಡು, ಬೋರ್ಡ್ ಕೂಡ ಇಲ್ಲ. ಮುಖ ತೋರಿಸೋಕೆ ಒಪ್ಪಲಿಲ್ಲ, ಹಾಗಾಗಿ ಅವರ ದನಿ ಮತ್ತು ಬೆರಳು ಮಾತ್ರ. ಅವರು ಕೇಳಿದ ಮೊದಲನೇ ಪ್ರಶ್ನೆ: "ತಮ್ಮಾ, ಬ್ಯಾಟರಿ ಬಿಚ್ಚೀದೇನು?" ಇಲ್ಲ ಕಾಕಾ ಅಂದೆ. "ಚಲೋ ಆತು. ಬಿಚ್ಚಿದ್ರ ಅದಕ್ಕ ಎಲ್ಲಾ ಮರ್ತು ಹೋಗ್ತದ. ಸ್ಕ್ಯಾನರ್ ಅತ್ಲಾಗಿಡು. ಒಂದು ಯು ಪಿನ್ ಕೊಡು." ಮಗಳ ಶಾಲೆಯ ಪ್ರಾಜೆಕ್ಟ್ ಫೈಲಿನಿಂದ ಒಂದನ್ನು ಕಿತ್ತುಕೊಟ್ಟೆ. ಅದಕ್ಕೂ ಅವಳದು ಒಂದು ತಕರಾರು.

ಈಗ ಸರಿಯಾಗಿ ನೋಡಿ. ಇಗ್ನಿಷನ್ ಆಫ್ ಇದೆ. 2 ಪಿನ್ನಿನ ಕಪ್ಲರ್, ಸರ್ವಿಸ್ ಚೆಕ್ ಕನೆಕ್ಟರ್ ಅಂತಾರೆ, ಅದರ ಎರಡು ತೂತಿಗೂ ಯು ಪಿನ್ನಿನ ಎರಡು ಕಾಲು. ಪಕ್ಕದ 3 ಪಿನ್ನಿನದಕ್ಕೆ ತಂತಿ ಚುಚ್ಚಬೇಡಿ, ಅದು ಕಂಪನಿಯ ಟೆಸ್ಟರ್‌ಗೆ ಇಟ್ಟಿದ್ದು. ಈಗ ಚಾವಿ ಆನ್, ಸ್ಟಾರ್ಟ್ ಬೇಡ. ಕೋಡ್ ಏನೂ ಇಲ್ಲದಿದ್ದರೆ ಎಂಜಿನ್ ಲೈಟ್ ಹತ್ತಿಕೊಂಡೇ ಇರುತ್ತದೆ. ಇದ್ದರೆ ಮಿಣುಕುತ್ತದೆ. ನೋಡಿ, ಮಿಣುಕಿತು. ಇಸಿಯು ಸತ್ತಿದೆ ಅಂದಿದ್ದರಲ್ಲ!

ಮಗಳು ಎಣಿಸಿದಳು, ಒಂದು, ಎರಡು, ಮೂರು, ಆರಕ್ಕೆ ನಿಂತಿತು. ಸ್ವಲ್ಪ ಬಿಡುವು. ಆಮೇಲೆ ಮತ್ತೆ ಶುರು, ನಾನು ಐದು ಅಂದೆ. ನನ್ನ ಫೋನಿನ ಪಟ್ಟಿಯಲ್ಲಿ 5 ಅಂದರೆ ಮ್ಯಾಪ್ ಸೆನ್ಸರ್, ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು, ಮನಸ್ಸಿನಲ್ಲೇ ನಾನಾ ಪೇಠಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ರೇಟ್ ಕೇಳಿಯೂ ಆಗಿತ್ತು. ಅಷ್ಟರಲ್ಲಿ ಇವಳು, "ಅಪ್ಪಾ, ಮೊದಲನೇದು ಉದ್ದ ಇತ್ತು." ವಿಡಿಯೋ ವಾಪಸ್ ತಿರುಗಿಸಿ ನಿಧಾನ ಮಾಡಿ ನೋಡಿದೆವು. ಈಗ ನಿಮಗೂ ತೋರಿಸುತ್ತಿದ್ದೇನೆ. ಒಂದು ಉದ್ದ, ನಾಲ್ಕು ಗಿಡ್ಡ. ಉದ್ದದ್ದು ಹತ್ತು, ಗಿಡ್ಡದ್ದು ಒಂದು. ಅಂದರೆ ಐದಲ್ಲ, 14. ಐಡ್ಲಿಂಗ್ ವಾಲ್ವ್, ಗಾಡಿ ನಿಂತಿದ್ದಾಗ ಎಂಜಿನ್ ವೇಗ ನೋಡಿಕೊಳ್ಳುವುದು. ನನ್ನ ಲೆಕ್ಕ ನಂಬಿದ್ದರೆ ಹೊಸ ಮ್ಯಾಪ್ ಸೆನ್ಸರ್ ಹಾಕಿಸಿಕೊಂಡು, ಅದೇ ಕೆಮ್ಮುವ ಗಾಡಿಯಲ್ಲಿ ಮನೆಗೆ ಹೋಗುತ್ತಿದ್ದೆ. ಹಾಗಾಗಿ ಕಣ್ಣಿನಲ್ಲಿ ಎಣಿಸಬೇಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಎರಡು ಸುತ್ತು ಬರುವವರೆಗೆ ಬಿಡಿ.

ಕಾಕಾ ಎರಡನ್ನೂ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದರು. 6, 14. ಆಮೇಲೆ ಚಾವಿ ಆಫ್ ಮಾಡಿ, ಯು ಪಿನ್ ತೆಗೆದು, ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸಿನಿಂದ 7.5 ಆಂಪಿಯರ್‌ನ ಬ್ಯಾಕಪ್ ಫ್ಯೂಸ್ ಕಿತ್ತರು. ಹತ್ತು ಸೆಕೆಂಡ್ ಸಾಕು, ಅವರು ತಂಬಾಕು ತಿಕ್ಕಿ ಮುಗಿಸೋವರೆಗೆ ಬಿಟ್ಟರು. ಕೋಡ್ ಅಳಿಸಿತು. ರೇಡಿಯೋದ ಸ್ಟೇಷನ್ನುಗಳೂ ಗಡಿಯಾರವೂ ಅದರ ಜೊತೆಗೇ ಹೋದವು. ನನಗೆ ಇದ್ಯಾಕೆ ಅಂತ ಅರ್ಥವಾಗಲಿಲ್ಲ, ಈಗಷ್ಟೇ ಸಿಕ್ಕಿದ್ದನ್ನು ಅಳಿಸಿಬಿಟ್ಟರಲ್ಲ ಅಂತ. "ಯಾವ್ದು ಹಳೇದು, ಯಾವ್ದು ಹೊಸಾದು ಅಂತ ಗೊತ್ತಾಗಬೇಕಲಾ?" ಗಾಡಿ ತೆಗೆದುಕೊಂಡು ಕಾತ್ರಜ್ ಹಳೇ ಘಾಟಿನ ಕಡೆ ಒಂದು ಸುತ್ತು ಹೋಗಿ ಬಂದೆ. ಎರಡನೇ ಹಂಪ್ ಹಾರಿಸುತ್ತಿದ್ದ ಹಾಗೆ ಲೈಟ್ ಬಂತು. ವಾಪಸ್ ಬಂದು ಮತ್ತೆ ಯು ಪಿನ್. ಈ ಸಲ ಬರೀ 6. ಹದಿನಾಲ್ಕು ಎಂದೋ ಯಾರೋ ಚಾವಿ ಆನ್ ಇದ್ದಾಗ ಆ ವಾಲ್ವಿನ ಕಪ್ಲರ್ ಎಳೆದಾಗ ಉಳಿದ ಹಳೇ ಬಾಕಿ ಇರಬೇಕು, ಅದು ಕಾಕಾ ಅಂದಾಜು. ಗೋಡೆ ಮೇಲಿನ 14ನ್ನು ಅಂಗೈಯಲ್ಲೇ ಒರೆಸಿದರು.

6 ಅಂದರೆ ನೀರಿನ ಟೆಂಪರೇಚರ್ ಸೆನ್ಸರ್. "ಹಂಗಲ್ಲ, ಅದರ ಲೈನು" ಅಂದರು ಕಾಕಾ. ಈ ಒಂದು ಮಾತಿಗಾಗಿಯೇ ನಾನು ಈ ವಿಡಿಯೋ ಮಾಡಿದ್ದು. ಕಂಪ್ಯೂಟರಿಗೆ ಸೆನ್ಸರ್ ಕಾಣುವುದಿಲ್ಲ. ಅದಕ್ಕೆ ಗೊತ್ತಾಗೋದು ತನಗೆ ಬರುತ್ತಿರುವ ವೋಲ್ಟೇಜು ಮಾತ್ರ. ಸೆನ್ಸರ್ ಕೆಟ್ಟರೂ 6, ಕಪ್ಲರ್ ಸಡಿಲಾದರೂ 6, ಇಲಿ ವೈರ್ ಕಡಿದರೂ 6.

ಸೆನ್ಸರ್ ಅಳೆಯೋಕೆ ಎಂಜಿನ್ ತಣ್ಣಗಾಗಬೇಕು. ಚಹಾ ಬಂತು, ಮಗಳಿಗೆ ವಡಾಪಾವ್. ಕಾಕಾ ಮಾತಿಗೆ ಕೂತರು. ಹಳೇ ಟೊಯೊಟಾ ಆದರೆ ಬಾನೆಟ್ ಕೆಳಗೆ, ಮುಚ್ಚಳದ ಮೇಲೆ 'ಡಯಾಗ್ನೋಸ್ಟಿಕ್' ಅಂತ ಬರೆದ ಸಣ್ಣ ಡಬ್ಬಿ ಇರುತ್ತದಂತೆ. ಅದರಲ್ಲಿ ಟಿಇ 1 ಮತ್ತು ಇ 1 ಅನ್ನೋ ಎರಡು ತೂತನ್ನು ತಂತಿಯಿಂದ ಸೇರಿಸಿದರೆ ಅದೂ ಹೀಗೇ ಮಿಣುಕುತ್ತದೆ, ಕೋಡ್ ಇಲ್ಲದಿದ್ದರೆ ಒಂದೇ ಸಮ ಟಕ ಟಕ ಅಂತ. ಅದೇ ಡಬ್ಬಿಯಲ್ಲಿ ಬ್ಯಾಟರಿ ಪ್ಲಸ್ಸೂ ಇರುತ್ತದೆ. ತೂತು ತಪ್ಪಿದರೆ ಹೊಗೆ. ಸುಜುಕಿಯಲ್ಲಿ, ನಮ್ಮ ಎಸ್ಟೀಮ್ ಕಾಲದವು, ಡಯಾಗ್ನೋಸಿಸ್ ತುದಿಯನ್ನು ಅರ್ತ್ ಮಾಡಬೇಕು. ಅಲ್ಲಿ 12 ಬಂದರೆ ಹೆದರಬೇಡಿ, ಎಲ್ಲಾ ಸರಿ ಇದೆ ಅಂತ ಅರ್ಥ. ನಿಸ್ಸಾನ್ ತನ್ನದೇ 14 ಪಿನ್ನಿನ ಸಾಕೆಟ್ ಇಟ್ಟಿತ್ತು. ತಮಾಷೆ ಮಿತ್ಸುಬಿಶಿಯದು. ಹಳೆಯವಕ್ಕೆ ಮುಳ್ಳಿನ ವೋಲ್ಟ್ ಮೀಟರ್ ಹಚ್ಚಿ ಮುಳ್ಳು ಎಷ್ಟು ಸಲ ಹಾರಿತು ಅಂತ ಎಣಿಸುತ್ತಿದ್ದರಂತೆ. ಆಮೇಲಿನ ಹಲವು ಗಾಡಿಗಳಲ್ಲಿ 16 ಪಿನ್ನಿನ ಸಾಕೆಟ್ಟೇ ಇದೆ, ಆದರೆ ಮಾತಾಡಿಸೋಕೆ 1ನೇ ಪಿನ್ ಅರ್ತ್ ಮಾಡಿ ಮಿಣುಕು ಎಣಿಸಬೇಕು, ನೀಲಿ ಡಬ್ಬಿ ಚುಚ್ಚಿದರೆ ಸುಮ್ಮನೆ ಕೂತಿರುತ್ತದೆ. 16 ಪಿನ್ ಕಂಡಿತು ಅಂತ ಕುಣಿಯುವ ಹಾಗಿಲ್ಲ.

ಸರಿ, ಎಂಜಿನ್ ತಣ್ಣಗಾಯಿತು. ಕ್ಯಾಮೆರಾವನ್ನು ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಹತ್ತಿರ ತಂದಿದ್ದೇನೆ. ಇಲ್ಲಿ ಟೆಂಪರೇಚರ್ ಸೆನ್ಸರ್ ಒಂದಲ್ಲ, ಎರಡು. ಒಂದು ವೈರ್ ಇರುವುದು ಮೀಟರಿನ ಮುಳ್ಳಿಗೆ ಹೋಗುವುದು. ಎರಡು ವೈರ್ ಇರುವುದು ಕಂಪ್ಯೂಟರಿಗೆ. ಫಳಫಳ ಹೊಳೆಯುತ್ತಿರುವ ಹೊಸದು ಯಾವುದು ನೋಡಿ. ಒಂದು ವೈರಿನದು! ಗ್ಯಾರೇಜಿನವರು ನನ್ನ ಮೀಟರ್ ಮುಳ್ಳಿಗೆ ಹೊಸ ಸೆನ್ಸರ್ ಹಾಕಿ ಬಿಲ್ ಮಾಡಿದ್ದರು. ಕಾಕಾ ನಕ್ಕ ಸದ್ದು ರೆಕಾರ್ಡ್ ಆಗಿದೆ, ಕೇಳಿಸಿಕೊಳ್ಳಿ.

ಹಳೇ ಸೆನ್ಸರಿನ ಕಪ್ಲರ್ ತೆಗೆದು ಮಲ್ಟಿಮೀಟರ್ ಹಿಡಿದರೆ 2.2 ಕಿಲೋ ಓಮ್. ಎಂಜಿನ್ ಬಿಸಿ ಮಾಡಿ ಮತ್ತೆ ನೋಡಿದಾಗ 300ರ ಆಸುಪಾಸು. ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದಾಗ ಕಡಿಮೆ. ಸೆನ್ಸರ್ ಸರಿಯಾಗಿಯೇ ಇದೆ. ಇನ್ನು ಉಳಿದಿದ್ದು ವೈರ್. ಚಾವಿ ಆನ್ ಮಾಡಿ ಕಪ್ಲರಿನ ಎರಡು ಪಿನ್ನಿಗೆ ಮೀಟರ್ ಹಚ್ಚಿದರೆ ಕಂಪ್ಯೂಟರ್ ಕಡೆಯಿಂದ 5 ವೋಲ್ಟ್ ಬರಬೇಕು. ಬಂತು. ಕಾಕಾ ವೈರನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಹೊಸೆದರು, ಬತ್ತಿ ಹೊಸೆಯುವ ಹಾಗೆ. 5, 5, 4.1, ಸೊನ್ನೆ. ಮತ್ತೆ 5. ಕಪ್ಲರಿಂದ ಎರಡು ಇಂಚು ಹಿಂದೆ ರಬ್ಬರ್ ಸಿಪ್ಪೆ ಸೀಳಿದರೆ ಒಳಗೆ ತಾಮ್ರವೇ ಇರಲಿಲ್ಲ ಅನ್ನಿ, ಹಸಿರು ಪುಡಿ.

ಪೆಟ್ರೋಲ್ ಕುಡಿದದ್ದೂ ಇದರಿಂದಲೇ. ತಾಮ್ರ ಕಿಲುಬು ಹಿಡಿದರೆ ತಡೆ ಹೆಚ್ಚಾಗುತ್ತದೆ. ತಡೆ ಜಾಸ್ತಿ ಕಂಡರೆ ಕಂಪ್ಯೂಟರ್ ಎಂಜಿನ್ ತಣ್ಣಗಿದೆ ಅಂದುಕೊಳ್ಳುತ್ತದೆ, ಪಾಪ ಚಳಿ ಅಂತ ಇನ್ನಷ್ಟು ಪೆಟ್ರೋಲ್ ಬಡಿಸುತ್ತದೆ. ತಡೆ ಸ್ವಲ್ಪವೇ ಇರುವಾಗ ಕೋಡೂ ಬರೋದಿಲ್ಲ, ಲೈಟೂ ಹತ್ತೋದಿಲ್ಲ, ಪೆಟ್ರೋಲ್ ಬಂಕಿನಲ್ಲಿ ಮಾತ್ರ ಗೊತ್ತಾಗುತ್ತದೆ. ಹಂಪ್ ಹಾರಿ ವೈರ್ ಪೂರ್ತಿ ಬಿಟ್ಟುಕೊಂಡಾಗ ಲೈಟ್.

ನಾಲ್ಕು ಇಂಚು ವೈರ್ ಕತ್ತರಿಸಿ ಹೊಸದು ಸೇರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್, ಬಿಸಿ ಮಾಡಿದರೆ ಕುಗ್ಗಿ ಕೂರುವ ಕೊಳವೆ. ವೈರಿಗೆ ದುಡ್ಡೇ ಬೇಡ ಅಂದರು, ಕೂಲಿ 300. ನಾನು 500 ಕೊಟ್ಟೆ, ಉಳಿದ 200ನ್ನು ಮಗಳ ಕೈಗಿಟ್ಟರು, ಎಣಿಸಿದ್ದಕ್ಕೆ. ಇವಳ ಮುಖ ಆಗ ಸರಿಹೋಯಿತು.

ಇದೆಲ್ಲ ಆಗಿ ಮೂರು ವಾರ. ಒಮ್ಮೆ ಧಾರವಾಡಕ್ಕೆ ಹೋಗಿ ಬಂದೆ, ಲೀಟರಿಗೆ 13 ಮೇಲೆ ಸ್ವಲ್ಪ ಬಂತು. ಚಾವಿ ತಿರುಗಿಸಿದರೆ ಹಳದಿ ಲೈಟ್ ಎರಡು ಸೆಕೆಂಡ್ ಹತ್ತಿ ಆರುತ್ತದೆ, ನೋಡಿ. ಯು ಪಿನ್ ಈಗ ಗ್ಲೋವ್ ಬಾಕ್ಸಿನಲ್ಲೇ ಇದೆ, ಆರ್‌ಸಿ ಪುಸ್ತಕಕ್ಕೆ ಸಿಕ್ಕಿಸಿದ್ದೇನೆ. ಗಡಿಯಾರ ಮಾತ್ರ ಇನ್ನೂ ಸರಿ ಮಾಡಿಲ್ಲ. ಈಗ ಬೆಳಿಗ್ಗೆ ಎಂಟೂವರೆ, ಅದು 3 ಗಂಟೆ 12 ನಿಮಿಷ ಅನ್ನುತ್ತಿದೆ.