ಎಂ 60 ಮತ್ತು ಅದರ ನೆರೆಯ ಸುರುಳಿ: ಗುರುತ್ವದ ಎಳೆತವನ್ನು ಗುರುತಿಸುವುದು ಹೇಗೆ?

[ದೃಶ್ಯ: ಹಬಲ್ ದೂರದರ್ಶಕ ಸೆರೆಹಿಡಿದ ಗ್ಯಾಲಕ್ಸಿ ಜೋಡಿ]

ನಮಸ್ಕಾರ. ನಡುವೆ ಉಜ್ವಲವಾಗಿದ್ದು ಅಂಚಿನತ್ತ ಮೆಲ್ಲನೆ ಮಸುಕಾಗುವ ಈ ಹಳದಿ ಛಾಯೆಯ ಗ್ಯಾಲಕ್ಸಿಯೇ ಎಂ 60. ಅದಕ್ಕೆ ಅಂಚು ತಾಗಿಸಿ ನಿಂತಂತಿರುವ ನೀಲಿ ಸುರುಳಿ ಎನ್‌ಜಿಸಿ 4647. ಕನ್ಯಾರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಈ ಜೋಡಿಯನ್ನು ಖಗೋಳಶಾಸ್ತ್ರಜ್ಞ ಹಾಲ್ಟನ್ ಆರ್ಪ್ ಅವರು 1966ರಲ್ಲಿ ಪ್ರಕಟಿಸಿದ ವಿಚಿತ್ರ ಗ್ಯಾಲಕ್ಸಿಗಳ ಪಟ್ಟಿಯಲ್ಲಿ 116ನೆಯದಾಗಿ ಸೇರಿಸಿದರು.

ಎಂ 60 ದೀರ್ಘವೃತ್ತಾಕಾರದ ಗ್ಯಾಲಕ್ಸಿ. ಇದರಲ್ಲಿ ಸುರುಳಿ ತೋಳುಗಳಿಲ್ಲ. ಹೊಸ ನಕ್ಷತ್ರ ಹುಟ್ಟಲು ಬೇಕಾದ ತಣ್ಣನೆಯ ಅನಿಲವೂ ಬಹಳ ಕಡಿಮೆ. ಹಳೆಯ ನಕ್ಷತ್ರಗಳು ಜೇನುಹುಳುಗಳ ಹಿಂಡಿನಂತೆ ಎಲ್ಲ ದಿಕ್ಕುಗಳಲ್ಲೂ ಸುತ್ತುತ್ತಿರುತ್ತವೆ. ಕೇಂದ್ರದಲ್ಲಿರುವ ಕಪ್ಪುಕುಳಿಯ ದ್ರವ್ಯರಾಶಿ ಸೂರ್ಯನ ಸುಮಾರು 450 ಕೋಟಿ ಪಟ್ಟು.

[ದೃಶ್ಯ: ಎರಡೂ ಗ್ಯಾಲಕ್ಸಿಗಳ ಅಂಚು ಕೂಡುವ ಜಾಗ, ಹತ್ತಿರದಿಂದ]

ಆಕಾಶದಲ್ಲಿ ಅಕ್ಕಪಕ್ಕ ಕಂಡದ್ದೆಲ್ಲ ನಿಜವಾಗಿ ಅಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ. ಒಂದು ಮುಂದೆ, ಇನ್ನೊಂದು ಬಹಳ ಹಿಂದೆ ಇರಬಹುದು. ಆದ್ದರಿಂದ ಖಗೋಳಶಾಸ್ತ್ರಜ್ಞರು ಎಳೆತದ ಗುರುತುಗಳನ್ನು ಹುಡುಕುತ್ತಾರೆ. ದೂರ ಹೆಚ್ಚಿದಂತೆ ಗುರುತ್ವ ಕುಗ್ಗುವುದರಿಂದ, ಒಂದು ಗ್ಯಾಲಕ್ಸಿಯ ಹತ್ತಿರದ ಬದಿಯನ್ನು ನೆರೆಯದು ಹೆಚ್ಚು ಬಲವಾಗಿಯೂ ದೂರದ ಬದಿಯನ್ನು ಕಡಿಮೆ ಬಲವಾಗಿಯೂ ಎಳೆಯುತ್ತದೆ, ಮತ್ತು ಚಂದ್ರನಿಂದ ಸಮುದ್ರ ಉಬ್ಬುವಂತೆ ಈ ವ್ಯತ್ಯಾಸದಿಂದಲೇ ಗ್ಯಾಲಕ್ಸಿಯ ಆಕಾರ ಹಿಗ್ಗುತ್ತದೆ. ಸಮೀಪ ಹಾಯ್ದುಹೋಗುವ ಗ್ಯಾಲಕ್ಸಿಗಳಲ್ಲಿ ಉದ್ದನೆಯ ಬಾಲಗಳೂ ಸೇತುವೆಗಳೂ ಮೂಡಲು ಈ ಒಂದು ಬಲವೇ ಸಾಕೆಂದು ಅಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ ಸಹೋದರರು 1972ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿಕೊಟ್ಟರು. ಅನಿಲವಿದ್ದರೆ ಅದು ಒತ್ತಿ ದಟ್ಟವಾಗಿ, ಹೊಸ ನಕ್ಷತ್ರಗಳು ಒಟ್ಟೊಟ್ಟಿಗೆ ಹುಟ್ಟುತ್ತವೆ.

ಈಗ ಈ ಅಂಚನ್ನು ಗಮನವಿಟ್ಟು ನೋಡಿ. ಬಾಲವಿಲ್ಲ, ಸೇತುವೆಯಿಲ್ಲ, ನವಜಾತ ನಕ್ಷತ್ರಗಳ ದಟ್ಟ ನೀಲಿ ಗುಚ್ಛಗಳೂ ಇಲ್ಲಿ ವಿಶೇಷವಾಗಿ ಕಾಣುವುದಿಲ್ಲ. ಇವೆರಡರ ನಡುವೆ ನಂಟಿದೆಯೇ ಎಂಬ ಚರ್ಚೆ ದೀರ್ಘಕಾಲ ನಡೆದದ್ದು ಇದೇ ಕಾರಣಕ್ಕೆ. ಹಬಲ್ ಚಿತ್ರಗಳ ಅಧ್ಯಯನದಲ್ಲಿ ಮಾತ್ರ ಎಳೆತ ಈಗಷ್ಟೇ ಆರಂಭವಾಗಿರುವ ಸುಳಿವುಗಳು ಸಿಕ್ಕಿವೆ. ಸುರುಳಿಯ ಅನಿಲ ಒಂದು ಬದಿಗೆ ವಾಲಿದಂತಿರುವುದು ನಿಜ. ಆದರೆ ಈ ಜೋಡಿ ಸೇರಿರುವ ಗ್ಯಾಲಕ್ಸಿ ಗುಚ್ಛದ, ಅಂದರೆ ಗ್ಯಾಲಕ್ಸಿಗಳ ದೊಡ್ಡ ಗುಂಪಿನ, ಬಿಸಿ ಅನಿಲದ ನಡುವೆ ಸಾಗುವಾಗ ಎದುರಾಗುವ ಒತ್ತಡವೂ ಇಂಥದೇ ಪರಿಣಾಮ ಬೀರಬಲ್ಲದು. ಹಾಗಾಗಿ ಆ ಒಂದೇ ಗುರುತನ್ನು ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

[ದೃಶ್ಯ: ಎಂ 60ರ ಬಳಿಯ ಒಂದು ಬೆಳಕಿನ ಚುಕ್ಕಿ]

ಎಂ 60ರ ಎಳೆತದ ಬಲ ಎಷ್ಟೆಂಬುದಕ್ಕೆ ಸಾಕ್ಷಿ ಈ ಚುಕ್ಕಿಯಲ್ಲಿದೆ. ಇದು ಎಂ 60–ಯುಸಿಡಿ 1 ಎಂಬ ಅತಿ ದಟ್ಟವಾದ ಕುಬ್ಜ ಗ್ಯಾಲಕ್ಸಿ. ಅಡ್ಡಳತೆ ಕೇವಲ 300 ಜ್ಯೋತಿರ್ವರ್ಷದಷ್ಟು. ಆದರೂ ಇದರ ಒಡಲಲ್ಲಿ ಸುಮಾರು 2.1 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿಯಿದೆಯೆಂದು 2014ರಲ್ಲಿ ತಿಳಿಯಿತು. ಇಷ್ಟು ಪುಟ್ಟ ಗ್ಯಾಲಕ್ಸಿಯಲ್ಲಿ ಅಷ್ಟು ದೊಡ್ಡ ಕಪ್ಪುಕುಳಿ ಬೆಳೆಯುವುದು ಕಷ್ಟ. ಇದು ಒಂದು ಕಾಲದಲ್ಲಿ ಬಹಳ ದೊಡ್ಡದಾಗಿದ್ದ ಗ್ಯಾಲಕ್ಸಿಯಾಗಿದ್ದು, ಎಂ 60ರ ತೀರ ಸಮೀಪಕ್ಕೆ ಬಂದಾಗ ಹೊರಗಿನ ನಕ್ಷತ್ರಗಳನ್ನೆಲ್ಲ ಕಳೆದುಕೊಂಡು, ಈಗ ನಡುವಿನ ತಿರುಳು ಮಾತ್ರ ಉಳಿದಿದೆ ಎಂಬುದು ವಿಜ್ಞಾನಿಗಳ ವಿವರಣೆ.