ಕರುಳಿನ ಬ್ಯಾಕ್ಟೀರಿಯಾಗಳ ಜಮಾ-ಖರ್ಚು

ಕೇಳುಗರಿಗೆಲ್ಲ ನಮಸ್ಕಾರ.

ಗಾಳಿ ತಾಗಿದರೆ ಕೆಲವೇ ನಿಮಿಷಗಳಲ್ಲಿ ಸಾಯುವ ಒಂದು ಬ್ಯಾಕ್ಟೀರಿಯಾ ನಮ್ಮೆಲ್ಲರ ದೊಡ್ಡ ಕರುಳಿನಲ್ಲಿ ಹಾಯಾಗಿ ಬದುಕುತ್ತದೆ. ಹೆಸರು ಫೀಕಾಲಿಬ್ಯಾಕ್ಟೀರಿಯಂ ಪ್ರೌಸ್ನಿಟ್ಸಿ. ಹೇಳಲು ಕಷ್ಟ, ಆದರೆ ಅದು ಮಾಡುವ ಕೆಲಸ ಬಹಳ ದೊಡ್ಡದು. ಬ್ಯುಟಿರೇಟ್ ಎಂಬ ವಸ್ತುವನ್ನು ಅದು ತಯಾರಿಸುತ್ತದೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಮುಖ್ಯವಾಗಿ ಈ ಬ್ಯುಟಿರೇಟನ್ನೇ ಉರಿಸಿ ಬದುಕುತ್ತವೆ. ಕ್ರೋನ್ ಎಂಬ ಕರುಳಿನ ಕಾಯಿಲೆ ಇರುವ ಹಲವರಲ್ಲಿ ಈ ಬ್ಯಾಕ್ಟೀರಿಯಾ ಕಡಿಮೆ ಇರುವುದು ಕಂಡುಬಂದಿದೆ.

ಇಂಥದ್ದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ? ಆದರೆ ಅದಕ್ಕೆ ಏನು ತಿನ್ನಿಸುವುದು? ಲಕ್ಸೆಂಬರ್ಗ್ ವಿಶ್ವವಿದ್ಯಾಲಯದ ಇನೆಸ್ ಥೀಲೆ ಮತ್ತು ಆಲ್ಮುಟ್ ಹೈನ್ಕೆನ್ ಅವರ ತಂಡ ಇದಕ್ಕೆ ಕಂಪ್ಯೂಟರ್ ಮಾಡೆಲ್ ಮೂಲಕ ಉತ್ತರ ಹುಡುಕಿತು. ಯಾವ ಪೋಷಕಾಂಶ ಇಲ್ಲದಿದ್ದರೆ ಇದು ಬೆಳೆಯಲಾರದು ಎಂದು ಮಾಡೆಲನ್ನೇ ಕೇಳಿದರು. ಅದು ಹೇಳಿದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಕೆಲವು ಕಡೆ ಮಾಡೆಲ್ ಸರಿಯಿತ್ತು, ಕೆಲವು ಕಡೆ ತಪ್ಪಿತ್ತು. ತಪ್ಪಿದ್ದಲ್ಲಿ ಮಾಡೆಲನ್ನು ತಿದ್ದಿದರು. ಕೊನೆಗೆ, ಇಂತಿಂಥ ವಸ್ತು ಇಷ್ಟಿಷ್ಟು ಎಂದು ಪೂರ್ತಿ ಗೊತ್ತಿರುವ ಒಂದು ಆಹಾರದ ಮೇಲೆ ಬ್ಯಾಕ್ಟೀರಿಯಾ ಬೆಳೆಯಿತು. ಇದು 2014ರಲ್ಲಿ ಪ್ರಕಟವಾದ ಕೆಲಸ. ಕಂಪ್ಯೂಟರೂ ಪ್ರಯೋಗಾಲಯವೂ ಹೀಗೆ ಒಂದನ್ನೊಂದು ತಿದ್ದುತ್ತಾ ಹೋಗುವುದು ನನಗೆ ತುಂಬಾ ಇಷ್ಟವಾಗುವ ವಿಷಯ.

ಈ ಮಾಡೆಲ್ ಒಳಗೆ ಇರುವುದೇನು? ಒಂದು ಜಮಾ-ಖರ್ಚಿನ ಪುಸ್ತಕ ಅಂದುಕೊಳ್ಳಿ. ಮೊದಲು ಬ್ಯಾಕ್ಟೀರಿಯಾದ ಎಲ್ಲ ಜೀನ್‌ಗಳನ್ನು ಓದುತ್ತಾರೆ. ಯಾವ ಜೀನ್ ಯಾವ ಕಿಣ್ವ ತಯಾರಿಸುತ್ತದೆ, ಆ ಕಿಣ್ವ ಯಾವ ವಸ್ತುವನ್ನು ಯಾವುದಾಗಿ ಬದಲಿಸುತ್ತದೆ ಎಂದು ಒಂದೊಂದಾಗಿ ಬರೆದುಕೊಳ್ಳುತ್ತಾರೆ. ಇಂಥ ಸಾವಿರಾರು ಕ್ರಿಯೆಗಳಿರಬಹುದು. ಆಮೇಲೆ ಒಂದೇ ಕಟ್ಟುನಿಟ್ಟಿನ ನಿಯಮ: ಒಳಗೆ ಬಂದ ಪ್ರತಿಯೊಂದು ಇಂಗಾಲದ ಪರಮಾಣುವಿಗೂ ಲೆಕ್ಕ ಸಿಗಬೇಕು. ಒಂದೋ ಅದು ಜೀವಕೋಶದ ಮೈ ಬೆಳೆಸಲು ಹೋಗಬೇಕು, ಇಲ್ಲವೇ ಹೊರಗೆ ಬರಬೇಕು. ಈ ಕಟ್ಟಿನೊಳಗೆ ಬ್ಯಾಕ್ಟೀರಿಯಾ ಎಷ್ಟು ವೇಗವಾಗಿ ಬೆಳೆಯಬಹುದು, ಆಗ ಏನೇನನ್ನು ಹೊರಹಾಕುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಪ್ರತಿ ಕಿಣ್ವದ ವೇಗವನ್ನು ಬೇರೆ ಬೇರೆಯಾಗಿ ಅಳೆಯಬೇಕಾಗಿಲ್ಲ. ಈ ವಿಧಾನದ ಬಲ ಇರುವುದೇ ಇಲ್ಲಿ. ಒಂದು ಜೀವಿಯ ಪೂರ್ತಿ ಜೀನ್ ಪಟ್ಟಿಯಿಂದ ಇಂಥ ಮಾಡೆಲ್ ಮೊದಲು ಬಂದಿದ್ದು 1999ರಲ್ಲಿ. ಬರ್ನ್‌ಹಾರ್ಡ್ ಪಾಲ್ಸನ್ ಮತ್ತು ಜೆರೆಮಿ ಎಡ್ವರ್ಡ್ಸ್ ಅದನ್ನು ಹೀಮೋಫಿಲಸ್ ಇನ್‌ಫ್ಲುಯೆಂಜೇ ಎಂಬ ಬ್ಯಾಕ್ಟೀರಿಯಾಕ್ಕೆ ಕಟ್ಟಿದ್ದರು.

ಕರುಳಿನಲ್ಲಿ ಒಂಟಿಯಾಗಿ ಬದುಕುವವರು ಯಾರೂ ಇಲ್ಲ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬ ಅಂದಾಜು ಇದೆ. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲೇ. ನಾವು ಅರಗಿಸಲಾರದ ನಾರಿನ ಅಂಶವನ್ನು ಬ್ಯಾಕ್ಟಿರಾಯ್ಡಿಸ್‌ನಂಥ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಒಡೆದು ಅಸಿಟೇಟ್ ಎಂಬ ವಸ್ತುವನ್ನು ಹೊರಹಾಕುತ್ತವೆ. ನಮ್ಮ ಪ್ರೌಸ್ನಿಟ್ಸಿ ಆ ಅಸಿಟೇಟನ್ನು ಬಳಸಿಕೊಂಡು ಬ್ಯುಟಿರೇಟ್ ಮಾಡುತ್ತದೆ. ಒಂದರ ಖರ್ಚು ಇನ್ನೊಂದಕ್ಕೆ ಜಮಾ. ಕಂಪ್ಯೂಟರಿನಲ್ಲಿ ಈ ಪುಸ್ತಕಗಳನ್ನು ಒಟ್ಟಿಗೆ ಜೋಡಿಸಬಹುದು. ಒಂದು ಬ್ಯಾಕ್ಟೀರಿಯಾವನ್ನು ತೆಗೆದರೆ ಯಾರು ಹಸಿಯುತ್ತಾರೆ? ನಾರು ಜಾಸ್ತಿ ಮಾಡಿದರೆ ಬ್ಯುಟಿರೇಟ್ ಏರುತ್ತದೆಯೇ? ಮನುಷ್ಯರ ಮೇಲೆ ಸುಲಭಕ್ಕೆ ಮಾಡಲಾಗದ ಪ್ರಯೋಗಗಳನ್ನು ಇಲ್ಲಿ ಮಾಡಿ ನೋಡಬಹುದು.

ಅದೇ ಥೀಲೆ ಅವರ ತಂಡ 2017ರಲ್ಲಿ 773 ಕರುಳಿನ ಬ್ಯಾಕ್ಟೀರಿಯಾಗಳ ಮಾಡೆಲ್‌ಗಳನ್ನು ಹೊರತಂದಿತು. ಅದಕ್ಕೆ ಅಗೋರಾ ಎಂದು ಹೆಸರು. 2023ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ 7,302 ತಳಿಗಳಿವೆ. ಜೊತೆಗೆ 98 ಔಷಧಿಗಳನ್ನು ಈ ಬ್ಯಾಕ್ಟೀರಿಯಾಗಳು ಏನು ಮಾಡುತ್ತವೆ ಎಂಬ ವಿವರವೂ ಇದೆ.

ಔಷಧಿಯ ವಿಷಯ ಯಾಕೆ ಬಂತು? ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯನ್ನೇ ನೋಡಿ. ಅದು ಮಿದುಳಿಗೆ ಹೋಗಿ ಅಲ್ಲಿ ಡೋಪಮೈನ್ ಎಂಬ ಸಂದೇಶವಾಹಕ ವಸ್ತು ಆಗಬೇಕು. ಆದರೆ ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲೇ ಅದನ್ನು ಡೋಪಮೈನ್ ಮಾಡಿಬಿಡಬಲ್ಲದು. ಹಾಗೆ ಆದ ಡೋಪಮೈನ್ ರಕ್ತದಿಂದ ಮಿದುಳಿಗೆ ದಾಟಲಾರದು. ಒಂದೇ ಮಾತ್ರೆ ಒಬ್ಬರಿಗೆ ಚೆನ್ನಾಗಿ ಹಿಡಿಯುತ್ತದೆ, ಇನ್ನೊಬ್ಬರಿಗೆ ಅಷ್ಟಾಗಿ ಹಿಡಿಯುವುದಿಲ್ಲ. ಅದಕ್ಕಿರುವ ಹಲವು ಕಾರಣಗಳಲ್ಲಿ ಇದೂ ಒಂದಿರಬಹುದು. ಅಗೋರಾ ಎರಡನೇ ಆವೃತ್ತಿಯನ್ನು 616 ಜನರ ಕರುಳಿನ ಮಾಹಿತಿಗೆ ಹಚ್ಚಿ ನೋಡಿದಾಗ, ಔಷಧಿಗಳನ್ನು ಬದಲಿಸುವ ಸಾಮರ್ಥ್ಯ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬೇರೆಯಾಗಿತ್ತು.

ಹಾಗಂತ ಒಂದು ಮಲಪರೀಕ್ಷೆ ಮಾಡಿಸಿ, ಕಂಪ್ಯೂಟರ್ ಹೇಳಿತು ಅಂತ ಮಾತ್ರೆ ಬದಲಿಸಬೇಡಿ, ದಯವಿಟ್ಟು. ಎಷ್ಟೋ ಜೀನ್‌ಗಳು ಏನು ಮಾಡುತ್ತವೆ ಎಂದು ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದು ಮಾಡೆಲ್‌ನಲ್ಲೂ ಇರುವುದಿಲ್ಲ. ಬ್ಯಾಕ್ಟೀರಿಯಾ ಕರುಳಿನ ಲೋಳೆಗೆ ಅಂಟಿಕೊಂಡಿದೆಯೇ, ನಡುವೆ ತೇಲುತ್ತಿದೆಯೇ ಎಂಬುದನ್ನೂ ಸರಳ ಮಾಡೆಲ್‌ಗಳು ನೋಡುವುದಿಲ್ಲ. ಮಾಡೆಲ್ ಕೊಡುವುದು ಒಂದು ಒಳ್ಳೆಯ ಊಹೆ. ಅದನ್ನು ಪರೀಕ್ಷಿಸಬೇಕಾದವರು ಸಂಶೋಧಕರು, ವೈದ್ಯರು.

ನನಗೆ ಜಾಸ್ತಿ ಕಾಡುವ ಕೊರತೆ ಇನ್ನೊಂದಿದೆ. ಮನುಷ್ಯರ ಮೈಯ ಬ್ಯಾಕ್ಟೀರಿಯಾಗಳನ್ನು ಓದಲು ತೆಗೆದ, ಜಗತ್ತಿನಲ್ಲಿ ಮುಕ್ತವಾಗಿ ಮಾಹಿತಿ ಸಿಗುವ ಸ್ಯಾಂಪಲ್‌ಗಳಲ್ಲಿ, ಯಾವ ದೇಶದ್ದು ಎಂದು ಗೊತ್ತಿರುವವುಗಳ ಪೈಕಿ ನೂರಕ್ಕೆ 70ಕ್ಕಿಂತ ಹೆಚ್ಚು ಯುರೋಪ್, ಅಮೆರಿಕ ಮತ್ತು ಕೆನಡಾದವು. ಮೊದಲ ಅಗೋರಾದಲ್ಲಿ ಬ್ಯಾಕ್ಟೀರಿಯಾಗಳಿಗೆ ಉಣಿಸಿ ನೋಡಿದ ಊಟಗಳು ಎರಡು: ಒಂದು ಪಾಶ್ಚಾತ್ಯ ಊಟ, ಇನ್ನೊಂದು ನಾರು ಹೆಚ್ಚಿರುವ ಊಟ. ನಮ್ಮ ರಾಗಿ ಮುದ್ದೆ, ಬಸ್ಸಾರು, ಜೋಳದ ರೊಟ್ಟಿ ಅಲ್ಲಿಲ್ಲ. ಭಾರತೀಯರ ಕರುಳಿನಲ್ಲಿ ಪ್ರಿವೊಟೆಲ್ಲಾ ಎಂಬ ಗುಂಪು ಎದ್ದು ಕಾಣುತ್ತದೆ ಎಂದು ನಮ್ಮ ದೇಶದ ಅಧ್ಯಯನಗಳೇ ತೋರಿಸಿವೆ. ಕಾಳು, ಧಾನ್ಯ, ಸೊಪ್ಪಿನ ಊಟಕ್ಕೆ ಒಗ್ಗಿದ ಗುಂಪು ಅದು. ಹಾಗಿರುವಾಗ ಬೇರೆಯವರ ಊಟದ ಲೆಕ್ಕ ನಮಗೆ ಎಷ್ಟು ಹೊಂದೀತು?

ಊಟದ ಕಡೆಯ ಮಾಹಿತಿ ನಮ್ಮಲ್ಲಿ ಆಗಲೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರ ಪದಾರ್ಥಗಳನ್ನು ಅಳೆದು ಪಟ್ಟಿ ಹೊರತಂದಿದೆ. ಯಾವುದರಲ್ಲಿ ಎಷ್ಟು ನಾರು, ಎಷ್ಟು ಪ್ರೋಟೀನ್ ಎಂಬುದು ಅದರಲ್ಲಿದೆ. ಇನ್ನು ಬೇಕಾಗಿರುವುದು ನಮ್ಮ ಊರುಗಳ ಜನರ ಮಲದ ಮಾದರಿಗಳು. ಅವರು ಆ ವಾರ ಏನು ಉಂಡರು, ಯಾವ ಮಾತ್ರೆ ನುಂಗಿದರು ಎಂಬ ಸರಿಯಾದ ದಾಖಲೆಯೂ ಅದರ ಜೊತೆಗೇ ಇರಬೇಕು. ಸಂಶೋಧಕರು ಒಪ್ಪಿಗೆ ಪತ್ರ ಹಿಡಿದು ನಿಮ್ಮ ಊರಿಗೆ ಬಂದರೆ, ಏನು ಎತ್ತ ಎಂದು ಚೆನ್ನಾಗಿ ಕೇಳಿ ತಿಳಿದುಕೊಳ್ಳಿ. ಮನಸ್ಸಿಗೆ ಒಪ್ಪಿಗೆಯಾದರೆ ಮುಜುಗರಪಡದೆ ಸೇರಿಕೊಳ್ಳಿ.

ನಮಸ್ಕಾರ.