ಕಾಳಿಗಿಂತ ಚಿಕ್ಕ ಅಲೆ: ಸೈಲೋ, ನಾಲೆಗಳಲ್ಲಿ ರೇಡಾರ್ ಸೆನ್ಸರ್

ದಾವಣಗೆರೆಯ ಗೆಳೆಯರೇ,

ರೇಡಾರ್ ಎಂದೊಡನೆ ವಿಮಾನ ನಿಲ್ದಾಣದಲ್ಲಿ ತಿರುಗುವ ದೊಡ್ಡ ಆಂಟೆನಾ ಕಣ್ಣಮುಂದೆ ಬರುತ್ತದೆ. ಇವತ್ತಿನ ಮಾತು ದೂರ, ಮಟ್ಟ, ವೇಗ ಅಳೆಯುವ, ಕೈಯಲ್ಲಿ ಎತ್ತಿ ಹಿಡಿಯಬಹುದಾದ ರೇಡಾರ್ ಸೆನ್ಸರಿನದು. ಅದು ಬಿಡುವ 80 ಗಿಗಾಹರ್ಟ್ಸ್ ರೇಡಿಯೊ ಅಲೆಯ ಉದ್ದ ನಾಲ್ಕು ಮಿಲಿಮೀಟರಿಗೂ ಕಡಿಮೆ. ನಮ್ಮ ಮೆಕ್ಕೆಜೋಳದ ಕಾಳೇ ಅದಕ್ಕಿಂತ ದೊಡ್ಡದು. ಈ ಹೋಲಿಕೆ ಮುಂದೆ ಕೆಲಸಕ್ಕೆ ಬರುತ್ತದೆ.

ಅಲೆ ಹೋಗಿಬರುವ ಕಾಲದಿಂದ ದೂರ ತಿಳಿಯುವುದು ರೇಡಾರಿನ ಕೆಲಸ. ಒಂದು ಮೀಟರ್ ದೂರ ಹೋಗಿಬರಲು ಅಲೆಗೆ 6.7 ನ್ಯಾನೊಸೆಕೆಂಡ್ ಸಾಕು. ಅಷ್ಟು ಸಣ್ಣ ಕಾಲವನ್ನು ನೇರವಾಗಿ ಅಳೆಯುವುದು ಕಷ್ಟ. ಅದಕ್ಕೇ ಆವರ್ತನವನ್ನು, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಂಬುದನ್ನು, ಒಂದೇ ಸಮನೆ ಏರಿಸುತ್ತ ಅಲೆ ಬಿಡುತ್ತಾರೆ. 40 ಮೈಕ್ರೊಸೆಕೆಂಡಿನಲ್ಲಿ 77ರಿಂದ 81 ಗಿಗಾಹರ್ಟ್ಸಿಗೆ ಏರಿತೆನ್ನಿ. 30 ಮೀಟರ್ ಆಚೆಯಿಂದ ಮರಳುವ ಅಲೆ 0.2 ಮೈಕ್ರೊಸೆಕೆಂಡ್ ತಡ; ಅಷ್ಟರಲ್ಲಿ ಹೊರಡುತ್ತಿರುವ ಅಲೆ 20 ಮೆಗಾಹರ್ಟ್ಸ್ ಮೇಲೇರಿರುತ್ತದೆ. ಸೆನ್ಸರಿನೊಳಗಿನ ಮಿಕ್ಸರ್ ಎಂಬ ಸರ್ಕ್ಯೂಟಿನಲ್ಲಿ ಎರಡನ್ನೂ ಬೆರೆಸಿದಾಗ ಸಿಗುವ ಆ ವ್ಯತ್ಯಾಸದಿಂದಲೇ ದೂರದ ಲೆಕ್ಕ. ಏರಿಕೆ ಹೆಚ್ಚಿದಷ್ಟೂ ನೋಟ ಚೂಪು: 4 ಗಿಗಾಹರ್ಟ್ಸ್ ಏರಿಸಿದರೆ 3.75 ಸೆಂಟಿಮೀಟರ್ ಅಂತರದ ಎರಡು ವಸ್ತುಗಳು ಬೇರೆಬೇರೆಯಾಗಿ ಕಾಣುತ್ತವೆ. 24 ಗಿಗಾಹರ್ಟ್ಸ್ ಪಟ್ಟಿಯ 250 ಮೆಗಾಹರ್ಟ್ಸಿನಲ್ಲಿ 60 ಸೆಂಟಿಮೀಟರ್ ಬೇಕು. ಹೆದ್ದಾರಿ 48ರಲ್ಲಿ ಓಡುವ ಹೊಸ ಕಾರುಗಳ ಬಂಪರ್ ಹಿಂದೆ 77 ಗಿಗಾಹರ್ಟ್ಸ್ ರೇಡಾರ್ ಕೂತಿರುವುದಕ್ಕೆ ಇದೂ ಒಂದು ಕಾರಣ. ಆ ಬಂಪರಿಗೆ ಲೋಹದ ಪುಡಿಯಿರುವ ಬಣ್ಣ ದಪ್ಪಗೆ ಬಳಿದರೆ ಸೆನ್ಸರಿನ ಕಣ್ಣು ಮಂಜಾಗುತ್ತದೆ.

ಈಗ ಸೈಲೋಗೆ, ಅಂದರೆ ಕಾಳು ತುಂಬಿಡುವ ಎತ್ತರದ ಕಣಜಕ್ಕೆ ಬರೋಣ. ಒಣಗಿದ ಕಾಳು ತನ್ನ ಮೇಲೆ ಬಿದ್ದ ಶಕ್ತಿಯಲ್ಲಿ ಸಣ್ಣ ಪಾಲನ್ನಷ್ಟೇ ವಾಪಸು ಕಳಿಸುತ್ತದೆ. ಸಾಲದ್ದಕ್ಕೆ ರಾಶಿಯ ಮೈ ಇಳಿಜಾರು. ಉದ್ದ ಅಲೆಯಾದರೆ ಇಳಿಜಾರಿಗೆ ತಾಗಿ ಪಕ್ಕಕ್ಕೆ ಹಾರಿಹೋಗುತ್ತದೆ. ಕಾಳಿಗಿಂತ ಚಿಕ್ಕ ಅಲೆಗೆ ಪ್ರತಿ ಕಾಳೂ ಒಂದು ಉಬ್ಬು. ಎಲ್ಲ ಕಡೆಗೂ ಚದುರುವುದರಿಂದ ಸ್ವಲ್ಪವಾದರೂ ಸೆನ್ಸರಿಗೆ ಮರಳುತ್ತದೆ. 75 ಮಿಲಿಮೀಟರ್ ಆಂಟೆನಾ ಇಟ್ಟರೆ 26 ಗಿಗಾಹರ್ಟ್ಸಿನಲ್ಲಿ ಕಿರಣ ಸುಮಾರು 10 ಡಿಗ್ರಿ ಹರಡುತ್ತದೆ, 80ರಲ್ಲಿ ಮೂರೂವರೆ. ಅಂದರೆ 20 ಮೀಟರ್ ಕೆಳಗೆ ಮೊದಲನೆಯದು ಮೂರೂವರೆ ಮೀಟರ್ ಅಗಲ, ಎರಡನೆಯದು ಒಂದೂಕಾಲು ಮೀಟರಿಗಿಂತ ಕಡಿಮೆ. ಏಣಿ, ಅಡ್ಡಪಟ್ಟಿ ತಪ್ಪಿಸಲು ಇದೇ ಅನುಕೂಲ.

ಅಳತೆ ಕೆಡುವುದು ಬಹುಮಟ್ಟಿಗೆ ಸೆನ್ಸರ್ ಕೂರಿಸುವಾಗ. ಕಾಳು ಸುರಿಯುವ ಧಾರೆಯ ಪಕ್ಕದಲ್ಲೇ ಕೂರಿಸಿದರೆ ಅದು ಧಾರೆಯನ್ನೇ ಅಳೆಯುತ್ತದೆ. ಗಾಳಿಯ ದೂಳು ಅಲೆಗೆ ಲೆಕ್ಕಕ್ಕಿಲ್ಲ. ಲೆನ್ಸಿಗೆ ಅಂಟಿ ತೇವ ಹಿಡಿದ ದೂಳು ಮಾತ್ರ ಶಕ್ತಿ ನುಂಗುತ್ತದೆ. ಇನ್ನೊಂದು: ಏಣಿ ಮುಂತಾದವುಗಳ ಸುಳ್ಳು ಪ್ರತಿಧ್ವನಿಯನ್ನು ಸೆನ್ಸರಿಗೆ ಗುರುತು ಮಾಡಿಸುವ ಕೆಲಸ ಸೈಲೋ ಪೂರ್ತಿ ಖಾಲಿಯಿದ್ದಾಗಲೇ ಆಗಬೇಕು. ಅರ್ಧ ತುಂಬಿದಾಗ ಮಾಡಿದರೆ ರಾಶಿಯನ್ನೇ ಸುಳ್ಳೆಂದು ಬರೆದಿಟ್ಟುಕೊಳ್ಳುತ್ತದೆ. ಮುಂದೆ ಕಾಳು ಆ ಮಟ್ಟಕ್ಕೆ ಬಂದಾಗಲೆಲ್ಲ ಕುರುಡು.

ಭದ್ರಾ ನಾಲೆಯಂಥ ಕಡೆ ಎರಡು ಸೆನ್ಸರ್ ಬೇಕು. ಒಂದು ನೇರ ಕೆಳಗೆ ನೋಡಿ ಮಟ್ಟ ಹೇಳುತ್ತದೆ. ಇನ್ನೊಂದು ಓರೆಯಾಗಿ ನೋಡಿ, ಡಾಪ್ಲರ್ ಪರಿಣಾಮದಿಂದ (ಚಲಿಸುವ ವಸ್ತುವಿನಿಂದ ಮರಳುವ ಅಲೆಯ ಆವರ್ತನ ಬದಲಾಗುವುದು) ಮೇಲ್ಮೈ ವೇಗ ಹೇಳುತ್ತದೆ. ತಳ, ದಡಗಳ ತಡೆಯಿಂದ ಸರಾಸರಿ ವೇಗ ಇನ್ನೂ ಕಡಿಮೆ, ಆದ್ದರಿಂದ ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ. ಅದನ್ನು ನೀರಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಗುಣಿಸಿದರೆ ಹರಿವು. ಕನ್ನಡಿಯಂತೆ ನಿಶ್ಚಲವಾದ ನೀರಿನಿಂದ ಓರೆ ಕಿರಣ ಮರಳುವುದಿಲ್ಲ, ನೀರಿನ ಮೇಲೆ ಸುಕ್ಕು ಬೇಕು. ಓರೆ ಸೆನ್ಸರ್ ಕೂರಿಸಿದ ಸೇತುವೆಯ ಕಂಬಿ ಸಡಿಲವಾಗಿ, ಅದು ಕೆಳಗೆ ಬಾಗಿರುವ ಕೋನ 45 ಡಿಗ್ರಿಯಿಂದ 50 ಆದರೆ ವೇಗ ಸುಮಾರು ನೂರಕ್ಕೆ ಒಂಬತ್ತರಷ್ಟು ಕಡಿಮೆ ತೋರುತ್ತದೆ. ಕೊನೇ ಭಾಗದ ರೈತರಿಗೆ ಎಷ್ಟು ನೀರು ಹೋಯಿತೆಂಬ ಲೆಕ್ಕ ಒಂದು ನಟ್ಟಿನ ಮೇಲೆ ನಿಂತಿರುವಾಗ, ನಾಲೆಗೆ ನೀರು ಬಿಡುವ ಮುನ್ನ ಸ್ಪಾನರ್ ಹಿಡಿದು ಒಮ್ಮೆ ಹೋಗಿಬನ್ನಿ.